ಕಾರಿಲ್ಲದೆ ಬಾದಾಮಿಗೆ

ಮಂಗಳವಾರ: ಹುಬ್ಬಳ್ಳಿ ತಲುಪಿದ್ದು

ಬಾದಾಮಿ ನೋಡಬೇಕು ಅಂತ ನಾನೂ ಅಮ್ಮನೂ ಎಷ್ಟೋ ವರ್ಷದಿಂದ ಹೇಳಿಕೊಳ್ಳುತ್ತಲೇ ಇದ್ದೆವು. ಈ ಸಲ ದೀಪಾವಳಿ ಮುಗಿದ ಮೇಲೆ ಹೊರಟೇ ಬಿಟ್ಟೆವು. ನನ್ನ ತಮ್ಮ, ಕಾರು ಕೊಡುತ್ತೇನೆ, ಡ್ರೈವರನ್ನೂ ಗೊತ್ತು ಮಾಡುತ್ತೇನೆ ಅಂದ. ಬೇಡ ಅಂದೆ. ಬಿಸಿಲು ಜಾಸ್ತಿ ಆಯ್ತು, ಮಳೆ ಕಾಲ ತಪ್ಪಿತು ಅಂತ ದಿನಾ ಮಾತಾಡುತ್ತೇವೆ. ಎಲ್ಲಿಗಾದರೂ ಹೊರಟರೆ ಮಾತ್ರ ಮೊದಲು ಹುಡುಕುವುದು ಕಾರಿನ ಕೀಲಿಕೈ. ಅದೇ ರಸ್ತೆಯಲ್ಲಿ ಕಾರಿಲ್ಲದೆ ಓಡಾಡುವವರೇ ಹೆಚ್ಚು ಜನ. ಅವರ ಜೊತೆ ಕೂತು ಹೋಗಬೇಕು ಅಂತ ಆಸೆಯಾಗಿತ್ತು. ಅಮ್ಮನಿಗೆ 67 ವಯಸ್ಸು, ಮಂಡಿ ನೋವು ಬೇರೆ. ಅವಳು ಹತ್ತಿ ಇಳಿಯಬಲ್ಲ ಬಸ್ಸು ರೈಲು ಇದ್ದರೆ ಯಾರು ಬೇಕಾದರೂ ಹೋಗಬಹುದು, ಅಲ್ವಾ?

ಬೆಂಗಳೂರಿನಿಂದ ಬೆಳಗಿನ ರೈಲು. ಕೂತು ಹೋಗುವ ಸೀಟು. ಅರಸೀಕೆರೆಯ ತೆಂಗಿನ ತೋಟ ದಾಟುವವರೆಗೂ ಅಮ್ಮ ನಿದ್ದೆ. ಹರಿಹರದಲ್ಲಿ ತುಂಗಭದ್ರೆ ಬಂದಾಗ ಎದ್ದು ಕೈ ಮುಗಿದಳು. ಹಾವೇರಿ ದಾಟಿದ ಮೇಲೆ ಮಣ್ಣು ಕಪ್ಪಾಯಿತು, ಹೊಲ ಉದ್ದುದ್ದ ಆಯಿತು, ಹತ್ತಿ ಒಡೆದು ಬೆಳ್ಳಗೆ ಕಾಣತೊಡಗಿತು. ಬೆಂಗಳೂರಿನಿಂದ ಇಲ್ಲಿಯವರೆಗೂ ಈಗ ವಿದ್ಯುತ್ ಹಳಿ. ಡೀಸೆಲ್ ಎಂಜಿನ್ನಿನ ಹೊಗೆ ಕಿಟಕಿಗೆ ಬರುವುದಿಲ್ಲ. ಆ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಇನ್ನೂ ದೊಡ್ಡದೇ, ನಿಜ. ಆದರೂ ನೂರಾರು ಜನರನ್ನು ಒಟ್ಟಿಗೆ ಎಳೆಯುವ ರೈಲಿನಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ ಬರುವುದು ಕಡಿಮೆ.

ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಅತಿ ಉದ್ದದ್ದು ಅಂತ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಹೆಮ್ಮೆಯೇ ಸರಿ. ಆದರೆ ಮಂಡಿ ನೋವಿನವರು ಅಷ್ಟು ದೊಡ್ಡ ನಿಲ್ದಾಣಕ್ಕೆ ಹೋಗುವಾಗ ತಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಅಮ್ಮ ಮಧ್ಯೆ ಮಧ್ಯೆ ಕೂತು, ನೀರು ಕುಡಿದು, ನಿಧಾನವಾಗಿ ನಡೆದಳು. ಕೆಂಪು ಅಂಗಿಯ ಹಮಾಲರೊಬ್ಬರು ಕೇಳದೆಯೇ ನಮ್ಮ ಬ್ಯಾಗು ಎತ್ತಿಕೊಂಡು ಬಾಗಿಲವರೆಗೆ ಬಂದರು. ದುಡ್ಡು ಕೊಡಹೋದರೆ, "ನಾ ಹೆಂಗೂ ಆ ಕಡೀನ ಹೊಂಟಿದ್ನ್ರಿ ಅಮ್ಮಾರ" ಅಂದು ಹೊರಟೇ ಹೋದರು.

ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದೆವು. ಮಂಡಕ್ಕಿಗೆ ಹುಣಸೆ, ಬೆಲ್ಲ, ಈರುಳ್ಳಿ ಹಾಕಿ ಒಗ್ಗರಿಸಿದ್ದು, ಮೇಲೆ ಪುಟಾಣಿ ಹಿಟ್ಟು, ಜೊತೆಗೆ ಮಿರ್ಚಿ ಭಜಿ. ಖಾರಕ್ಕೆ ಅಮ್ಮನ ಕಣ್ಣಲ್ಲಿ ನೀರು ಬಂತು. ಇನ್ನೊಂದು ಪ್ಲೇಟ್ ಹೇಳು ಅಂದಳು.

ಬುಧವಾರ: ಚಿಗರಿಯಲ್ಲಿ ಧಾರವಾಡಕ್ಕೆ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 22 ಕಿ.ಮೀ. ಆ ಉದ್ದಕ್ಕೂ ರಸ್ತೆಯ ನಡುಭಾಗವನ್ನು ಬಸ್ಸಿಗೇ ಬಿಟ್ಟಿದ್ದಾರೆ. ಕಾರು, ಲಾರಿ, ಬೈಕು ಅಲ್ಲಿ ಹೋಗುವಂತಿಲ್ಲ. ಆ ದಾರಿಯಲ್ಲಿ ಓಡುವ ಬಸ್ಸಿನ ಹೆಸರು ಚಿಗರಿ. 2018ರ ಗಾಂಧಿ ಜಯಂತಿಯ ದಿನ ಪ್ರಾಯೋಗಿಕವಾಗಿ ಓಡಿತು, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಶುರುವಾಯಿತು. ನಗರ ಸಾರಿಗೆಯಿಂದ ಬರುವ ಹೊಗೆ ತಗ್ಗಿಸಬೇಕು ಅನ್ನುವ ಕೇಂದ್ರದ ಯೋಜನೆಯಡಿ, ವಿಶ್ವ ಬ್ಯಾಂಕಿನ ನೆರವಿನಲ್ಲಿ ಆದ ಕೆಲಸ ಇದು. ಬೆಂಗಳೂರಿನಲ್ಲಿ ಇರುವವಳು ನಾನು. ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆ ಬಿಟ್ಟ ಪಥಕ್ಕೆ ಕಾರುಗಳು ನುಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಇದನ್ನು ನೋಡುವ ಕುತೂಹಲ ಬಾದಾಮಿಯಷ್ಟೇ ಇತ್ತು.

ನಿಲ್ದಾಣ ಇರುವುದು ರಸ್ತೆಯ ನಡುವೆ. ಅಲ್ಲಿಗೆ ಹೋಗಲು ಅರ್ಧ ರಸ್ತೆ ದಾಟಲೇಬೇಕು. ದಾಟಿದ ಮೇಲೆ ಅಮ್ಮನಿಗೆ ಹಬ್ಬ. ಮೆಟ್ಟಿಲ ಬದಲು ಇಳಿಜಾರು. ಕೌಂಟರಿನಲ್ಲಿ ಟಿಕೆಟ್ ತಗೊಂಡು, ಗೇಟಿಗೆ ತೋರಿಸಿ ಒಳಗೆ ಹೋದರೆ, ನಿಲ್ದಾಣದ ನೆಲ ಮತ್ತು ಬಸ್ಸಿನ ನೆಲ ಒಂದೇ ಮಟ್ಟ. ಅಮ್ಮ ಕಾಲೆತ್ತಿ ಹತ್ತುವುದೇ ಬೇಕಾಗಲಿಲ್ಲ. ಸುಮ್ನೆ ನಡೆದು ಒಳಗೆ ಹೋದಳು. "ನಮ್ಮೂರ ಬಸ್ಸಲ್ಲಿ ಮೊದಲ ಮೆಟ್ಟಿಲು ನನ್ನ ಮಂಡಿಗಿಂತ ಮೇಲಿರುತ್ತೆ ಕಣೇ" ಅಂದಳು. ನಮ್ಮ ಹಿಂದೆಯೇ ಒಬ್ಬ ಹುಡುಗ ಗಾಲಿ ಕುರ್ಚಿಯಲ್ಲಿ ಬಂದ. ಯಾರೂ ಎತ್ತಲಿಲ್ಲ, ಯಾರೂ ದಾರಿ ಬಿಡಿ ಅಂತ ಕೂಗಲಿಲ್ಲ. ತಾನೇ ಗಾಲಿ ಉರುಳಿಸಿಕೊಂಡು ಒಳಗೆ ಬಂದು, ಫೋನ್ ತೆಗೆದು ನೋಡುತ್ತಾ ಕೂತ. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಗಾಲಿ ಕುರ್ಚಿಯ ಪ್ರಯಾಣಿಕರನ್ನು ನೋಡಿದ ನೆನಪೇ ನನಗಿಲ್ಲ.

ಕೆಲವು ಚಿಗರಿಗಳು ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತವೆ, ಕೆಲವು ಬೇಗ ಹೋಗುವಂಥವು. ನಮಗೇನೂ ಅವಸರವಿರಲಿಲ್ಲ, ನಿಲ್ಲುವುದನ್ನೇ ಹಿಡಿದೆವು. ಕಿಮ್ಸ್, ವಿದ್ಯಾನಗರ, ಉಣಕಲ್ ಕೆರೆ, ಭೈರಿದೇವರಕೊಪ್ಪ, ನವನಗರ. ಪಕ್ಕದ ರಸ್ತೆಯಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು, ನಾವು ಹೋಗುತ್ತಲೇ ಇದ್ದೆವು.

ಪಕ್ಕದ ಸೀಟಿನಲ್ಲಿ ಒಬ್ಬರು ಹಿರಿಯರು, ಬಿಳಿ ಧೋತರ, ಕರಿ ಟೊಪ್ಪಿಗೆ. ಬಸ್ಸು ಚೆನ್ನಾಗಿದೆ ಕಾಕಾ ಅಂದೆ.

"ಬಸ್ ಛಲೋ ಐತಿ. ಅದ್ರಾಗ ಎರಡ ಮಾತಿಲ್ಲ. ಆದ್ರ ಈ ರೋಡಿಗೆ ಎರಡೂ ಕಡೆ ಮರ ಇದ್ದವ್ವಾ ತಂಗಿ. ಬ್ಯಾಸಗ್ಯಾಗ ಸೈಕಲ್ ಮ್ಯಾಲ ಹೋದ್ರೂ ಬಿಸಲ ಹತ್ತತಿರಲಿಲ್ಲ. ರೋಡ್ ಅಗಲ ಮಾಡಾಕ ಎಲ್ಲಾ ಕಡದ್ರು."

ಹೊಸದಾಗಿ ಸಸಿ ನೆಟ್ಟಿದ್ದಾರಲ್ಲ ಅಂದೆ.

"ನೆಟ್ಟಾರ. ಅವು ನೆಳ್ಳ ಕೊಡೂತನಕ ನಾ ಇರಬೇಕಲ್ಲ."

ಏನೂ ಹೇಳಲು ತೋಚಲಿಲ್ಲ. ಅವರ ಮಾತು ನ್ಯಾಯವಾದದ್ದು. ಬಸ್ಸಿನಿಂದ ಉಳಿಯುವ ಹೊಗೆಯನ್ನು ಲೆಕ್ಕ ಹಾಕುವಾಗ ಕಡಿದ ಮರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೈಕಲ್ ತುಳಿಯುವವನ ನೆತ್ತಿಯ ಮೇಲಿನ ಬಿಸಿಲನ್ನೂ ಹಿಡಿಯಬೇಕು.

ಧಾರವಾಡದಲ್ಲಿ ಲೈನ್ ಬಜಾರಿನ ಪೇಡೆ, ಸಾಧನಕೇರಿಯ ಕೆರೆ ದಡದಲ್ಲಿ ಸ್ವಲ್ಪ ಹೊತ್ತು. ಜುಬಿಲಿ ಸರ್ಕಲ್ ಹತ್ತಿರ ಬುಟ್ಟಿಯಲ್ಲಿ ನವಲೂರಿನ ಪೇರಲ ಹಣ್ಣು ಇಟ್ಟುಕೊಂಡು ಕೂತಿದ್ದರು. ಉಪ್ಪು ಖಾರ ಸವರಿ ಕೊಟ್ಟರು. ತಿನ್ನುತ್ತಾ ರಸ್ತೆ ಬದಿಯ ಸ್ಟಾಪಿಗೆ ಬಂದಾಗ ಅಲ್ಲಿ ಏಳೆಂಟು ಹೆಂಗಸರು ನಿಂತಿದ್ದರು. ನಮ್ಮ ಎದುರೇ ನಡುರಸ್ತೆಯಲ್ಲಿ ಚಿಗರಿಯೊಂದು ಹುಬ್ಬಳ್ಳಿ ಕಡೆ ಹೋಯಿತು, ಅದರ ಹಿಂದೆ ಇನ್ನೊಂದು. ಎರಡರಲ್ಲೂ ಸೀಟು ಖಾಲಿ. ಇವರು ಮಾತ್ರ ಅಲ್ಲೇ ನಿಂತಿದ್ದರು.

ಟಿಫಿನ್ ಡಬ್ಬಿ ಹಿಡಿದಿದ್ದ ಒಬ್ಬರನ್ನು ಮಾತಾಡಿಸಿದೆ. ವಿದ್ಯಾನಗರದಲ್ಲಿ ಮೂರು ಮನೆಯ ಕೆಲಸ ಮಾಡುತ್ತಾರಂತೆ. ಚಿಗರಿಯಲ್ಲಿ ಯಾಕೆ ಹೋಗುವುದಿಲ್ಲ ಅಕ್ಕಾ ಅಂತ ಕೇಳಿದೆ.

"ಅದು ರೊಕ್ಕದ ಬಸ್ರಿ. ಇದು ಪುಕ್ಕಟ. ದಿನಾ ಹೋಗಿ ಬರೋದಂದ್ರ ತಿಂಗಳಿಗೆ ಎಷ್ಟಾತು ನೋಡ್ರಿ. ಅದರಾಗ ನಮ್ಮ ಮನಿ ಗ್ಯಾಸ್ ಬರತೈತಿ."

ಹೆಂಗಸರಿಗೆ ಪುಕ್ಕಟೆ ಪ್ರಯಾಣ ಕೊಡುವ ಶಕ್ತಿ ಯೋಜನೆ ಇರುವುದು ಸಾಮಾನ್ಯ ಬಸ್ಸಿಗೆ. ಎಸಿ ಬಸ್ಸಿಗೆ ಇಲ್ಲ. ಚಿಗರಿ ಎಸಿ. ದೂರದೂರಿಗೆ ಹೋಗುವ ಐಷಾರಾಮಿ ಬಸ್ಸಿಗೆ ಈ ಗೆರೆ ಎಳೆದರೆ ಅರ್ಥವಿದೆ. ಆದರೆ ಚಿಗರಿ ಈ ಅವಳಿ ಊರಿನ ದಿನನಿತ್ಯದ ಸಿಟಿ ಬಸ್ಸು. ಅದಕ್ಕಾಗಿ ರಸ್ತೆ ಅಗಲ ಮಾಡಿದ್ದು, ಮರ ಕಡಿದದ್ದು, ನಿಲ್ದಾಣ ಕಟ್ಟಿದ್ದು ಎಲ್ಲವೂ ಎಲ್ಲರ ದುಡ್ಡಿನಲ್ಲಿ. ಆ ಮೇಲೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕಾದ ಹೆಂಗಸು ಪಕ್ಕದ ದಟ್ಟಣೆಯಲ್ಲಿ ಸಿಕ್ಕ ಬಸ್ಸಿಗೆ ಕಾಯುತ್ತಾಳೆ. ಖಾಲಿ ಸೀಟಿನ ಬಸ್ಸು ಅವಳ ಮುಂದೆಯೇ ಹೋಗುತ್ತದೆ. ಆ ಖಾಲಿ ಸೀಟಿಗೂ ಡೀಸೆಲ್ ಉರಿಯುತ್ತಲೇ ಇರುತ್ತದೆ. ಸಿಟಿಯೊಳಗಿನ ಈ ಒಂದು ಬಸ್ಸಿಗಾದರೂ ಆ ಗೆರೆ ಅಳಿಸಬೇಕು ಅಂತ ನನಗೆ ಬಲವಾಗಿ ಅನ್ನಿಸಿತು. ಆಗದಿದ್ದರೆ ಕಡಿಮೆ ದರದ ತಿಂಗಳ ಪಾಸಾದರೂ ಕೊಡಲಿ.

ವಾಪಸ್ಸು ನಾವೂ ಅವರ ಜೊತೆ ಸಾದಾ ಬಸ್ಸಿನಲ್ಲೇ ಬಂದೆವು. ಹೋಗುವಾಗ ಮುಕ್ಕಾಲು ಗಂಟೆ ಹಿಡಿದಿದ್ದ ದಾರಿ ಬರುವಾಗ ಒಂದೂಕಾಲು ಗಂಟೆ ತಗೊಂಡಿತು. ಅಕ್ಕ ವಿದ್ಯಾನಗರದಲ್ಲಿ ಇಳಿಯುವಾಗ, "ಇವತ್ತ ಬಾಯಾರು ಬೈತಾರ" ಅಂತ ನಕ್ಕು ಓಡಿದರು.

ಗುರುವಾರ: ಗದಗ, ಲಕ್ಕುಂಡಿ

ಗದಗಿಗೆ ವೇಗದೂತ ಬಸ್ಸು ಹಿಡಿದೆವು. ಕಂಡಕ್ಟರು ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಅಮ್ಮ ಅದನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟಳು. ಪುಕ್ಕಟೆ ಅಂತ ಎಸೆಯಬಾರದು. ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ತುಂಬಿಕೊಡಬೇಕು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವಂತೆ ಇಟ್ಟುಕೊಂಡರೆ ಸಾಕು. ಬ್ಯಾಗಿನ ತಳದಲ್ಲಿಟ್ಟರೆ ರಶ್ಶಿನಲ್ಲಿ ತೆಗೆಯಲು ಆಗುವುದಿಲ್ಲ. ಈ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳು 500 ಕೋಟಿ ಮುಟ್ಟಿದ್ದವು.

ಬಸ್ಸು ತುಂಬಿ ತುಳುಕುತ್ತಿತ್ತು. ಅರ್ಧ ಸೀಟು ಗಂಡಸರಿಗೆ ಅಂತ ನಿಯಮವಿದೆ. ಈ ಬಸ್ಸಿನಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ನಿಂತಿದ್ದ ಒಬ್ಬ ಗಂಡಸರು, "ರೊಕ್ಕಾ ಕೊಟ್ಟ ನಾವ ನಿಲ್ಲಬೇಕು" ಅಂತ ಗೊಣಗಿದರು. 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15 ಏರಿತು, ಕೊಡುವವರು ಅವರೇ. ಅವರ ಸಿಟ್ಟನ್ನು ತಳ್ಳಿಹಾಕುವ ಹಾಗಿಲ್ಲ. ಜನ ಹೆಚ್ಚಾದಷ್ಟು ಬಸ್ಸು ಹೆಚ್ಚಾಗದಿದ್ದರೆ ಬಡವರು ಬಡವರ ಮೇಲೆಯೇ ಸಿಟ್ಟಾಗಬೇಕಾಗುತ್ತದೆ. ಅದಕ್ಕೆ ಉತ್ತರ ಇನ್ನಷ್ಟು ಬಸ್ಸು.

ಕಂಡಕ್ಟರಿಗೆ ಬಿಡುವಾದಾಗ ಬಸ್ಸು ಲೀಟರಿಗೆ ಎಷ್ಟು ಓಡುತ್ತದೆ ಅಂತ ಕೇಳಿದೆ. "ಐದು ಬಂದ್ರ ಡ್ರೈವರ್ ಸಾಹೇಬ್ರು ಶ್ಯಾಣ್ಯಾ ಅಂತ ತಿಳೀರಿ" ಅಂದರು. ಫೋನಿನಲ್ಲಿ ಲೆಕ್ಕ ಹಾಕಿದೆ. ಹುಬ್ಬಳ್ಳಿಯಿಂದ ಗದಗಿಗೆ ಹತ್ತಿರ ಹತ್ತಿರ 60 ಕಿ.ಮೀ., ಅಂದರೆ 12 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಟ್ಟು 32 ಕೆ.ಜಿ. ಬಸ್ಸಿನಲ್ಲಿ 60 ಜನ ಇದ್ದೇ ಇದ್ದರು, ತಲೆಗೆ ಅರ್ಧ ಕೆ.ಜಿ. ಚಿಲ್ಲರೆ. ತಮ್ಮನ ಕಾರು ಲೀಟರ್ ಪೆಟ್ರೋಲಿಗೆ 15 ಕಿ.ಮೀ. ಓಡಿದರೆ 4 ಲೀಟರ್ ಬೇಕು. ಲೀಟರಿಗೆ 2.3 ಕೆ.ಜಿ.ಯಂತೆ 9 ಕೆ.ಜಿ.ಗೂ ಮೇಲೆ. ಅದನ್ನು ನಾನೂ ಅಮ್ಮನೂ ಹಂಚಿಕೊಳ್ಳಬೇಕಿತ್ತು, ತಲೆಗೆ ನಾಲ್ಕೂವರೆ. ಅಮ್ಮನಿಗೆ ಹೇಳಿದೆ. "ಅಂದ್ರೆ ಈ ನೂಕುನುಗ್ಗಲು ಒಳ್ಳೇದೇ ಅಂತೀಯ" ಅಂದಳು.

ಅಣ್ಣಿಗೇರಿಯಲ್ಲಿ ಅರ್ಧ ಬಸ್ಸು ಇಳಿದು ಅಷ್ಟೇ ಜನ ಹತ್ತಿದರು. ಕೊತ್ತಂಬರಿ ಕಟ್ಟು, ಒಂದು ಕೋಳಿ, ಹೊಸ ಹೊಲಿಗೆ ಯಂತ್ರದ ತಲೆ. ಎಲ್ಲವೂ ಬಸ್ಸಿನೊಳಗೆ.

ಗದಗಿನಿಂದ ಲಕ್ಕುಂಡಿ 12 ಕಿ.ಮೀ., ಬಸ್ಸು ಬೇಕಾದಷ್ಟಿವೆ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಈ ಊರಿನ ಬಗ್ಗೆ ಮಾತಿದೆ. ಕಾಶಿ ವಿಶ್ವನಾಥ ಗುಡಿಯ ಬಾಗಿಲುವಾಡದ ಮುಂದೆ ಅಮ್ಮ ಎಷ್ಟು ಹೊತ್ತು ನಿಂತಳೆಂದರೆ ಕಾವಲುಗಾರರು ಕುರ್ಚಿ ತಂದುಕೊಟ್ಟರು. ಕಲ್ಲಿನಲ್ಲಿ ಬಳ್ಳಿ, ಬಳ್ಳಿಯ ಸುತ್ತಿನಲ್ಲಿ ಒಂದೊಂದು ಪುಟ್ಟ ಆಕೃತಿ. ಬೆರಳ ಉಗುರಿನಷ್ಟೇ ಜಾಗದಲ್ಲೂ ಕೆತ್ತನೆ ಬಿಟ್ಟಿಲ್ಲ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಹೋಗುವಷ್ಟರಲ್ಲಿ ಮಳೆ ಬಂತು. ನವೆಂಬರಿನಲ್ಲಿ ಇಷ್ಟು ಮಳೆಯೇ ಅಂತ ಕೇಳಿದರೆ, "ಈಗೀಗ ಯಾವಾಗ ಬೇಕಾದ್ರೂ ಬರತೈತ್ರಿ. ಬೇಕಾದಾಗ ಬರೂದಿಲ್ಲ" ಅಂದರು ಕಾವಲುಗಾರರು.

ಒಳಗೆ ನಮ್ಮ ಜೊತೆ ಮಳೆಗೆ ನಿಂತವರು ಮುಂಡರಗಿ ಕಡೆಯ ಹಳ್ಳಿಯ ಹೆಂಗಸರ ಗುಂಪು, ಸ್ವಸಹಾಯ ಸಂಘದವರು. ಅವರಲ್ಲಿ ಹಿರಿಯವರೊಬ್ಬರಿಗೆ ಎಪ್ಪತ್ತರ ಮೇಲೆ. ಹುಟ್ಟಿದಾಗಿನಿಂದ ಲಕ್ಕುಂಡಿಯ ಹೆಸರು ಕೇಳಿದ್ದೇನೆ, ಇವತ್ತೇ ಮೊದಲು ನೋಡಿದ್ದು ಅಂದರು.

"ಮನಿಯವ್ರನ್ನ ಕೇಳಬೇಕು, ರೊಕ್ಕಾ ಕೇಳಬೇಕು. ಕೇಳೂದ ಬ್ಯಾಸರಾಗಿ ಸುಮ್ನ ಇದ್ದೆ ನೋಡವ್ವಾ. ಈಗ ಯಾರನ್ನೂ ಕೇಳೂದ ಬ್ಯಾಡ. ಕಾರ್ಡ್ ಹಿಡದ್ವಿ, ಬಸ್ ಹತ್ತಿದ್ವಿ."

ಸಂಸ್ಥೆಗೆ ಸರ್ಕಾರದಿಂದ ಬರಬೇಕಾದ ಬಾಕಿ, ದರ ಏರಿಕೆ, ಬಸ್ಸಿನ ಕೊರತೆ ಎಲ್ಲದರ ಬಗ್ಗೆ ವಾದ ಮಾಡಬಹುದು, ಮಾಡಲೂಬೇಕು. ಆ ವಾದ ಮಾಡುವವರು ಈ ಅಜ್ಜಿಯ ಮಾತನ್ನೂ ಕೇಳಿಸಿಕೊಳ್ಳಬೇಕು ಅನ್ನಿಸಿತು.

ಮಳೆ ನಿಂತ ಮೇಲೆ ಮುಸುಕಿನ ಬಾವಿಗೆ ಹೊಲದ ಬದಿಯಿಂದ ಹತ್ತಿರದ ದಾರಿ ಅಂತ ಯಾರೋ ತೋರಿಸಿದರು. ಎರೆ ಮಣ್ಣಿನ ಪ್ರತಾಪ ಆಗ ಗೊತ್ತಾಯಿತು. ಹತ್ತು ಹೆಜ್ಜೆಗೆ ಚಪ್ಪಲಿಯ ಅಡಿಯಲ್ಲಿ ನಾಲ್ಕು ಬೆರಳು ಮಣ್ಣು. ಅಮ್ಮನ ಎಡಗಾಲಿನ ಚಪ್ಪಲಿ ಉಳಿದುಹೋಯಿತು, ಎಳೆದರೆ ಉಂಗುಷ್ಠ ಕಿತ್ತು ಬಂತು. ಅಜ್ಜಿಯ ಗುಂಪಿನವರು ಎರಡೂ ಕಡೆ ಹಿಡಿದುಕೊಂಡು ಅವಳನ್ನು ಬಾವಿಯ ಮೆಟ್ಟಿಲವರೆಗೂ ಕರೆದುಕೊಂಡು ಹೋದರು. ಮಳೆಯಾದ ದಿನ ಲಕ್ಕುಂಡಿಯಲ್ಲಿ ಡಾಂಬರು ಬಿಟ್ಟು ಇಳಿಯಬೇಡಿ, ಇಳಿದರೆ ಬರಿಗಾಲಲ್ಲಿ ಇಳಿಯಿರಿ. ಗದಗಿನಲ್ಲಿ ಅಮ್ಮನಿಗೆ ಹೊಸ ಚಪ್ಪಲಿ ಕೊಂಡೆವು.

ಶುಕ್ರವಾರ: ಬನಶಂಕರಿ

ಬೆಳಿಗ್ಗೆ ರೋಣದ ಮೇಲೆ ಬಾದಾಮಿಗೆ ಹೋಗುವ ಬಸ್ಸು. ಗದಗ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಗಾಳಿ ಯಂತ್ರ. ಕೆಳಗೆ ಜೋಳದ ಎಳೆ ಪೈರು, ಮೇಲೆ ಮೂರು ರೆಕ್ಕೆ ನಿಧಾನವಾಗಿ ತಿರುಗುತ್ತಿರುತ್ತವೆ. ಅದರ ಪಕ್ಕದಲ್ಲೇ ನಮ್ಮ ಡೀಸೆಲ್ ಬಸ್ಸು ಗುರುಗುಟ್ಟುತ್ತಾ ಏರು ಹತ್ತುತ್ತಿತ್ತು. ಬೆಂಗಳೂರಿನಲ್ಲಿ ಈಗ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳಿವೆ. ಗಾಳಿಯಿಂದ ವಿದ್ಯುತ್ ಮಾಡುವ ಊರಿನ ಬಸ್ಸಿಗೆ ಆ ವಿದ್ಯುತ್ ಬರುವುದು ಯಾವಾಗ? ಹಳೆಯ ಬಸ್ಸು ಹಳ್ಳಿಗೆ, ಹೊಸದು ದೊಡ್ಡ ಊರಿಗೆ ಅನ್ನುವ ರೂಢಿ ಇದರಲ್ಲೂ ಮುಂದುವರಿಯಬಾರದು.

ಮಲಪ್ರಭೆ ದಾಟಿದೆವು. ಈಗ ಸೌಮ್ಯವಾಗಿ ಹರಿಯುತ್ತಿದ್ದಳು. ಬಾದಾಮಿಗೆ 5 ಕಿ.ಮೀ. ಮೊದಲೇ ಬನಶಂಕರಿ ಸಿಗುತ್ತದೆ, ಅಲ್ಲೇ ಇಳಿಯಬಹುದು. ಶುಕ್ರವಾರವಾದ್ದರಿಂದ ಜನವೋ ಜನ. ಹರಿದ್ರಾ ತೀರ್ಥದ ಕಲ್ಲಿನ ಮಂಟಪದ ನೆರಳಿನಲ್ಲಿ ಕೂತಾಗ ರೊಟ್ಟಿ ಬುಟ್ಟಿಯವರು ಬಂದರು.

ಬಾದಾಮಿಗೆ ಹೋದವರು ಈ ಊಟ ಬಿಡಬಾರದು. ಬುಟ್ಟಿಯ ಮೇಲೆ ಬಿಳಿ ಬಟ್ಟೆ, ಬಟ್ಟೆಯೊಳಗೆ ಕಡಕ್ ಜೋಳದ ರೊಟ್ಟಿ ಮತ್ತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಡಬ್ಬಿಗಳಲ್ಲಿ ಮಡಕಿ ಕಾಳಿನ ಪಲ್ಯ, ಬದನೆಕಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ. ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಕುಡಿಕೆಯನ್ನು ಬೋರಲು ಹಾಕಿ ತೋರಿಸುತ್ತಾರೆ, ಮೊಸರು ಬೀಳುವುದಿಲ್ಲ. ಮುಷ್ಟಿಯಲ್ಲಿ ಗುದ್ದಿದ ಹಸಿ ಉಳ್ಳಾಗಡ್ಡಿ ಕೊನೆಗೆ. ನಮಗೆ ಬಡಿಸಿದ ಅಕ್ಕನ ಅಂಗೈ ರೊಟ್ಟಿ ಬಡಿದೂ ಬಡಿದೂ ಗಟ್ಟಿಯಾಗಿತ್ತು, ಬೆರಳ ತುದಿಯಲ್ಲಿ ಸುಟ್ಟ ಕಲೆಗಳು.

ಬೆಳಗಿನ ಮೂರಕ್ಕೆ ಏಳುತ್ತಾರಂತೆ. ರೊಟ್ಟಿ ಬಡಿದು, ಪಲ್ಯ ಮಾಡಿ, ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಬರುತ್ತಾರೆ. ಮೊದಲೆಲ್ಲ ವ್ಯಾಪಾರ ಆಗದ ದಿನ ಬಸ್ಸಿನ ಚಾರ್ಜೂ ಕೈ ಕಚ್ಚುತ್ತಿತ್ತು. ಈಗ ಆ ಚಿಂತೆ ಇಲ್ಲ. ಉಳಿದ ದುಡ್ಡನ್ನು ಮಗಳ ನರ್ಸಿಂಗ್ ಫೀಸಿಗೆ ಅಂತ ಸಂಘದಲ್ಲಿ ಕಟ್ಟುತ್ತಿದ್ದಾರೆ. ಮತ್ತೆ ಕಷ್ಟ ಏನು ಅಕ್ಕಾ ಅಂದೆ.

"ಮುಂಜಾನೆ ಬರೂದ ಚಿಂತಿಲ್ಲ. ಹೋಗೂದ ಚಿಂತಿ. ಐದಕ್ಕ ಒಂದ ಬಸ್ ಐತಿ, ಆಮ್ಯಾಲ ಇಲ್ಲ. ಜನ ಬರೂದ ಸಂಜಿಮುಂದ. ಬುಟ್ಟ್ಯಾಗ ರೊಟ್ಟಿ ಇರತಾವ, ಜನಾನೂ ಇರತಾರ, ನಾವು ಎದ್ದ ಹೋಗಬೇಕು. ಕುಂತ್ವಿ ಅಂದ್ರ ಟಂಟಂನವಂಗ ಐವತ್ತ ರೂಪಾಯಿ."

ಟಂಟಂ ಅಂದರೆ ಈ ಕಡೆ ಜನರನ್ನು ಹತ್ತಿಸಿಕೊಂಡು ಓಡುವ ಬಾಡಿಗೆ ಆಟೊ. ಪುಕ್ಕಟೆ ಬಸ್ಸು ಇದ್ದೂ, ಬೇಕಾದ ಹೊತ್ತಿಗೆ ಇಲ್ಲ. ಒಂದು ಬಸ್ಸು ಸಂಜೆ ಆರೂವರೆಗೆ ಬಂದರೆ ಈ ಹೆಂಗಸರ ದುಡಿಮೆ ಕಾಲುಭಾಗ ಹೆಚ್ಚುತ್ತದೆ ಅಂತ ಅವರೇ ಲೆಕ್ಕ ಹೇಳಿದರು. ಕೇಳಿದ್ದೀರಾ ಅಂದೆ. ಬಾಯಲ್ಲಿ ಹೇಳಿದ್ದೇವೆ, ಬರೆದು ಕೊಟ್ಟಿಲ್ಲ ಅಂದರು. ಅಮ್ಮ ನನ್ನ ಕಡೆ ನೋಡಿದಳು. "ಬರಿಯೇ. ಮನೇಲಿ ದಿನಾ ಕಂಪ್ಯೂಟರ್ ಕುಟ್ತಾ ಇರ್ತೀಯಲ್ಲ."

ನೋಟ್ ಪುಸ್ತಕದ ಹಾಳೆ ಹರಿದು ಅಲ್ಲೇ ಮಂಟಪದಲ್ಲಿ ಕೂತು ಬರೆದೆ. ಊರಿನ ಹೆಸರು, ಬಸ್ಸು ಬೇಕಾದ ಹೊತ್ತು, ಹತ್ತುವವರು ಎಷ್ಟು ಜನ, ಶಾಲೆ ಮಕ್ಕಳು ಎಷ್ಟು ಜನ. ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಇಬ್ಬರು ಹೆಬ್ಬೆಟ್ಟು ಒತ್ತಿದರು, ಮಸಿ ಇಲ್ಲದ್ದಕ್ಕೆ ಕುಂಕುಮ ಕಲಸಿ. ಸುದ್ದಿ ಹರಡಿ ಕಾಯಿ ಕರ್ಪೂರ ಮಾರುವವರೂ ಬಂದು ತಮ್ಮ ಊರನ್ನೂ ಸೇರಿಸಿ ಅಂದರು. ಸೇರಿಸಿದೆ.

ಶನಿವಾರ: ಪಟ್ಟದಕಲ್ಲು

ಬಾದಾಮಿಯ ಗುಹೆಗಳನ್ನು ಬೆಳಿಗ್ಗೆ ಬೇಗ ನೋಡಿದೆವು. ಅಮ್ಮ ಮೊದಲನೇ ಗುಹೆಯವರೆಗೆ ಹತ್ತಿ, ಅಲ್ಲೇ ನಟರಾಜನ ಎದುರು ಕೂತಳು. ನಾನು ಮೂರನೇ ಗುಹೆಗೆ ಹೋಗಿ, 578ರ ಮಂಗಳೇಶನ ಶಾಸನವಿರುವ ಆ ದೊಡ್ಡ ಮೊಗಸಾಲೆಯ ಫೋಟೊ ತೆಗೆದು ತಂದು ತೋರಿಸಿದೆ. ಕಲ್ಲು ಬಿಸಿಯಾಗುವ ಮೊದಲೇ ಹತ್ತಿಬಿಡುವುದು ಒಳ್ಳೆಯದು, ಮಂಗಗಳ ಕಾಟವೂ ಆಗ ಕಡಿಮೆ.

ಅರ್ಜಿಯನ್ನು ಬಸ್ ನಿಲ್ದಾಣದ ಕಂಟ್ರೋಲರ್ ಕೈಗೆ ಕೊಟ್ಟೆವು. ಪೂರ್ತಿ ಓದಿದರು. "ನನ್ನ ಕೈಯಾಗ ಇಲ್ರಿ, ಮ್ಯಾಲ ಕಳಸ್ತೀನಿ. ಗಾಡಿ ಕಮ್ಮಿ ಅದಾವ, ಡ್ರೈವರ್ ಕಮ್ಮಿ ಅದಾರ" ಅಂದರು. ಆದರೂ ನಮ್ಮ ಪ್ರತಿಯ ಮೇಲೆ ತಾರೀಖು ಬರೆದು ಸಹಿ ಹಾಕಿ ಕೊಟ್ಟರು. ಅರ್ಜಿ ಕೊಡುವವರು ಆ ಸಹಿ ತಗೊಳ್ಳದೆ ಬರಬಾರದು.

ಪಟ್ಟದಕಲ್ಲಿಗೆ 22 ಕಿ.ಮೀ. ಹೋಗುವ ಬಸ್ಸು ಬೇಗ ಸಿಕ್ಕಿತು. ವಿರೂಪಾಕ್ಷ ಗುಡಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಹುಲ್ಲುಹಾಸು, ಕೆಂಪು ಕಲ್ಲು, ಆಚೆ ನದಿ. 2019ರ ಆಗಸ್ಟಿನಲ್ಲಿ ಇದೇ ನದಿ ಉಕ್ಕಿ ಈ ಗುಡಿಗಳ ಅಂಗಳದಲ್ಲಿ ನಿಂತಿತ್ತು. ಹೊರಗೆ ಎಳನೀರು ಮಾರುವವರು ತಮ್ಮ ಎದೆಮಟ್ಟ ಕೈ ಇಟ್ಟು ತೋರಿಸಿದರು, ಇಷ್ಟು ನೀರು ಅಂತ. ಮನೆಯ ಗೋಡೆ ಬಿತ್ತು, ಎರಡು ಆಡು ಹೋದವು ಅಂದರು. ಅವರ ಮನೆಯಲ್ಲಿ ಕಾರಿಲ್ಲ, ಬೈಕೂ ಇಲ್ಲ. ಹೊಗೆ ಬಿಡುವವರು ಎಲ್ಲೋ, ನೀರು ನುಗ್ಗುವುದು ಇನ್ನೆಲ್ಲೋ.

ಮಧ್ಯಾಹ್ನ ವಾಪಸ್ಸು ಬರುವ ಬಸ್ಸು ಸಿಗುವುದು ಕಷ್ಟವಾಯಿತು. ಶನಿವಾರ ಶಾಲೆ ಅರ್ಧ ದಿನ. ಬಂದ ಒಂದು ಬಸ್ಸಿಗೆ ಶಾಲೆಯ ಹುಡುಗಿಯರೆಲ್ಲ ಮುಗಿಬಿದ್ದರು. ಫುಟ್‌ಬೋರ್ಡಿನಲ್ಲೂ ಜಾಗವಿಲ್ಲ. ಅಮ್ಮ, "ಮಕ್ಕಳು ಹೋಗಲಿ" ಅಂತ ಹಿಂದೆ ಸರಿದಳು. ಹತ್ತಲಾಗದೆ ಉಳಿದ ಇಬ್ಬರು ನಮ್ಮ ಜೊತೆ ಕಟ್ಟೆಯ ಮೇಲೆ ಕೂತರು. ಒಬ್ಬಳ ಅಕ್ಕ ಎಂಟನೇ ತರಗತಿಗೆ ಬಂದಾಗ ಸರ್ಕಾರದ ಸೈಕಲ್ ಸಿಕ್ಕಿತ್ತಂತೆ. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಬಂದಾಗ ನಿಂತಿತು, ಇವಳ ಸರದಿಗೆ ಸಿಗಲಿಲ್ಲ.

"ಅಕ್ಕ ಮನೀಗೆ ಬಂದ್ರ ಇನ್ನಾ ಬಿಸಲ ಇರತಿತ್ತು. ನಾ ಹೋಗೂದ್ರಾಗ ಹೊತ್ತ ಮುಳಗಿರತೈತ್ರಿ ಒಂದೊಂದ ದಿನ. ಅಪ್ಪಾ ಸಾಲಿ ಬಿಡು ಅಂತಾನ."

ಸೈಕಲ್ಲಿಗೆ ಡೀಸೆಲ್ ಬೇಡ, ಕಂಡಕ್ಟರ್ ಬೇಡ, ವೇಳಾಪಟ್ಟಿ ಬೇಡ. ಹತ್ತಕ್ಕೂ ಹೆಚ್ಚು ವರ್ಷ ಹಳ್ಳಿಯ ರಸ್ತೆಗಳಲ್ಲಿ ಜಡೆ ಹಾಕಿದ ಹುಡುಗಿಯರ ಸಾಲು ಸೈಕಲ್ಲಿನಲ್ಲಿ ಹೋಗುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಮತ್ತೆ ಕೊಡುವುದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ.

ಕೊನೆಗೆ ಟಂಟಂ ಒಂದು ಸಿಕ್ಕಿತು. ಹುಡುಗಿಯರನ್ನು ಅವರ ಊರಿನ ಕ್ರಾಸಿನಲ್ಲಿ ಇಳಿಸಿ ಬಾದಾಮಿಗೆ ಬಂದೆವು. ರೈಲು ನಿಲ್ದಾಣ ಊರಿನಿಂದ ಐದು ಕಿ.ಮೀ. ದೂರ, ಅರ್ಧ ಗಂಟೆ ಮೊದಲೇ ಹೊರಡಿ. ರಾತ್ರಿ ರೈಲಿನಲ್ಲಿ ಅಮ್ಮ ಮಂಡ್ಯದ ಚಿಕ್ಕಮ್ಮನಿಗೆ ಫೋನ್ ಮಾಡಿ, ಆಧಾರ್ ಕಾರ್ಡು ಮೇಲೇ ಇಟ್ಕೋ, ಹಳೇ ಚಪ್ಪಲಿ ಹಾಕ್ಕೊಂಡು ಬಾ ಅಂತ ವಿಜಾಪುರಕ್ಕೆ ಹೊರಡಿಸುತ್ತಿದ್ದಳು.

ಬಂದು ಒಂದು ತಿಂಗಳಾಯಿತು. ರೊಟ್ಟಿ ಅಕ್ಕನ ಮಗಳು ಮೊನ್ನೆ ವಾಟ್ಸಾಪಿನಲ್ಲಿ ಬರೆದಿದ್ದಳು: ಯಾರೋ ಬಂದು ಎಷ್ಟು ಜನ ಹತ್ತುತ್ತೀರಿ ಅಂತ ಬರೆದುಕೊಂಡು ಹೋದರು, ಬಸ್ಸು ಇನ್ನೂ ಬಂದಿಲ್ಲ. ಎರಡನೇ ಅರ್ಜಿ ಬರೆದು ಕಳಿಸಿದ್ದೇನೆ. ಈ ಸಲ ಸೈಕಲ್ ಸಿಗದ ಆ ಹುಡುಗಿಯರ ಊರಿನ ಹೆಸರೂ ಅದರಲ್ಲಿದೆ.